ಎಲ್ಲರೂ ಹೆಚ್ಚು ಬರೆದರೆ ಎಲ್ಲರಿಗೂ ಕತ್ತರಿ: ತರಬೇತಿ ಮದ್ದುಗುಂಡಿನ ಬಗ್ಗೆ ಓದುಗರ ಪ್ರಶ್ನೆಗಳು

ಸೈನಿಕರ ಗುಂಡು ಹಾರಿಸುವ ಅಭ್ಯಾಸಕ್ಕೆ ಮದ್ದುಗುಂಡು ಹೇಗೆ ಬರುತ್ತದೆ, ಎಲ್ಲಿ ತಡವಾಗುತ್ತದೆ, ಎಲ್ಲಿ ಪೋಲಾಗುತ್ತದೆ ಎಂದು ಕೇಳಿ ಬಂದ ಪತ್ರಗಳಲ್ಲಿ ಕೆಲವನ್ನು ಇಲ್ಲಿ ಆರಿಸಿಕೊಂಡಿದ್ದೇವೆ. ಉತ್ತರ ಬರೆದವರು ಮದ್ದುಗುಂಡು ಡಿಪೋದಲ್ಲಿ ತಪಾಸಣೆ ಮತ್ತು ವಿತರಣೆಯ ಕೆಲಸ ಮಾಡಿ ನಿವೃತ್ತರಾದವರು. ಪತ್ರ ಬರೆದವರ ಹೆಸರುಗಳನ್ನು ಅವರ ಕೋರಿಕೆಯಂತೆ ಬಿಟ್ಟಿದ್ದೇವೆ.

ಪ್ರಶ್ನೆ: ಸರ್, ನಮ್ಮ ತುಕಡಿಯ ಫೈರಿಂಗ್‌ಗೆ ತಿಂಗಳುಗಳ ಮೊದಲೇ ಇಂಡೆಂಟ್ (ಇಷ್ಟು ಗುಂಡು ಬೇಕು ಎಂಬ ಬೇಡಿಕೆ ಪತ್ರ) ಕಳಿಸುತ್ತೇವೆ. ಆದರೂ ಕೇಳಿದಷ್ಟು ಎಂದೂ ಬರುವುದಿಲ್ಲ. ಅದಕ್ಕೇ ಈಗೀಗ ಬೇಕಾದ್ದಕ್ಕಿಂತ ಕಾಲು ಭಾಗ ಹೆಚ್ಚೇ ಬರೆಯುತ್ತಿದ್ದೇವೆ. ತಪ್ಪು ಯಾರದು, ಡಿಪೋದವರದೋ ಲಾರಿಯವರದೋ?

ಉತ್ತರ: ನೀವು ಸೇರಿಸುವ ಆ ಕಾಲು ಭಾಗದಿಂದಲೇ ಶುರು ಮಾಡೋಣ. ನೀವೊಬ್ಬರೇ ಸೇರಿಸಿದ್ದರೆ ಯಾರಿಗೂ ಗೊತ್ತೇ ಆಗುತ್ತಿರಲಿಲ್ಲ. ಆದರೆ ಪಕ್ಕದ ತುಕಡಿಯವರೂ ಸೇರಿಸುತ್ತಾರೆ. ಎಲ್ಲರ ಇಂಡೆಂಟ್ ಒಟ್ಟು ಮಾಡುವ ಮೇಲಿನ ಕಚೇರಿಯವರು ‘ಎಲ್ಲಾದರೂ ಕಡಿಮೆ ಬಿದ್ದೀತು’ ಎಂದು ತಮ್ಮ ಪಾಲಿನದ್ದೂ ಒಂದಿಷ್ಟು ಸೇರಿಸುತ್ತಾರೆ. ಕಾಗದ ಡಿಪೋಗೆ ಬರುವ ಹೊತ್ತಿಗೆ ಬೇಡಿಕೆ ಊದಿಕೊಂಡಿರುತ್ತದೆ. ಡಿಪೋದಲ್ಲಿ ಕೂತವರೇನು ದಡ್ಡರಲ್ಲ, ಇದರಲ್ಲಿ ಗಾಳಿ ಇದೆ ಅಂತ ಅವರಿಗೂ ಗೊತ್ತು. ಯಾರ ಇಂಡೆಂಟಿನಲ್ಲಿ ಎಷ್ಟು ಗಾಳಿ ಅನ್ನುವುದು ಮಾತ್ರ ಗೊತ್ತಿರುವುದಿಲ್ಲ. ಹಾಗಾಗಿ ಎಲ್ಲರದ್ದನ್ನೂ ಒಂದೇ ಸಮ ಕತ್ತರಿಸುತ್ತಾರೆ. ಪರಿಣಾಮ ಏನು? ಊದಿಸಿ ಬರೆದವನಿಗೆ ಅವನ ನಿಜವಾದ ಅಗತ್ಯದಷ್ಟು ಸಿಗುತ್ತದೆ, ನಿಯತ್ತಾಗಿ ಬರೆದವನ ಹುಡುಗರು ಅರ್ಧ ಗುರಿ ಹೊಡೆದು ವಾಪಸ್ ಬರುತ್ತಾರೆ. ಮುಂದಿನ ಸಲ ಆ ನಿಯತ್ತಿನ ಮನುಷ್ಯನೂ ಊದಿಸುತ್ತಾನೆ.

ಸರಪಳಿಯ ಒಂದು ತುದಿಯಲ್ಲಿ ಆದ ಸಣ್ಣ ಅಲುಗಾಟ ಇನ್ನೊಂದು ತುದಿ ಮುಟ್ಟುವಾಗ ದೊಡ್ಡ ಉಯ್ಯಾಲೆಯಾಗುತ್ತದೆ ಎಂಬುದನ್ನು ಅಮೆರಿಕದ ಎಂಐಟಿಯಲ್ಲಿದ್ದ ಜೇ ಫಾರೆಸ್ಟರ್ ಕಾರ್ಖಾನೆ ಮತ್ತು ಅಂಗಡಿಗಳ ಲೆಕ್ಕ ಇಟ್ಟುಕೊಂಡು 1961ರ ಹೊತ್ತಿಗೇ ತೋರಿಸಿದ್ದರು. ಸೇನೆಯಲ್ಲಿ ಇದು ಇನ್ನೂ ಕೆಡುತ್ತದೆ. ಅಂಗಡಿಯವನು ಹೆಚ್ಚು ತರಿಸಿದರೆ ದುಡ್ಡು ಅವನ ಕೈಯಿಂದ ಹೋಗುತ್ತದೆ. ತುಕಡಿಯವರು ಹೆಚ್ಚು ತರಿಸಿದರೆ ಅವರ ಜೇಬಿನಿಂದ ಏನೂ ಹೋಗುವುದಿಲ್ಲ.

ಅದರ ಭಾರವೆಲ್ಲ ಬೀಳುವುದು ಡಿಪೋದ ಮೇಜಿನ ಮೇಲೆ. ಫೈರಿಂಗ್ ಮುಗಿದು ಉಳಿದ ಗುಂಡು ವಾಪಸ್ ಬಂತು ಅನ್ನಿ. ಸೀಲ್ ಮುರಿಯದ ಟಿನ್ ಆದರೆ ಕೆಲಸ ಸುಲಭ. ತಂತಿ ಮತ್ತು ಸೀಸದ ಸೀಲ್ ನೆಟ್ಟಗಿದೆಯಾ, ಮೇಲೆ ಬರೆದ ಲಾಟ್ ನಂಬರ್ (ಕಾರ್ಖಾನೆಯಲ್ಲಿ ಒಟ್ಟಿಗೆ ತಯಾರಾದ ಕಂತಿನ ಗುರುತು) ಚೀಟಿಗೆ ತಾಳೆಯಾಗುತ್ತದೆಯಾ, ಟಿನ್ ಜಜ್ಜಿದೆಯಾ ಎಂದು ನೋಡಿ ಅಟ್ಟಿಗೆ ಏರಿಸುತ್ತೇವೆ. ಬಿಚ್ಚಿದ ಟಿನ್ ಬಂದರೆ ಕಥೆಯೇ ಬೇರೆ. ಒಳಗಿನದೆಲ್ಲ ಮೇಜಿನ ಮೇಲೆ ಸುರಿಯಬೇಕು. ಒಂದೊಂದೇ ತೋಟಾ ಎತ್ತಿ ಹಿಂಭಾಗದ ಪ್ರೈಮರ್ (ಪೆಟ್ಟು ಬಿದ್ದಾಗ ಕಿಡಿ ಹುಟ್ಟಿಸುವ ಸಣ್ಣ ಬಟ್ಟಲು) ನೋಡಬೇಕು, ಕತ್ತಿನ ಹತ್ತಿರ ಬಿರುಕು, ಮೈಮೇಲೆ ಹಸಿರು ಕಿಲುಬು, ತೆಗ್ಗು ನೋಡಬೇಕು, ಬುಲೆಟ್ ಒಳಕ್ಕೆ ಕುಸಿದಿದೆಯೋ ಎಂದು ಪಕ್ಕದ ತೋಟಾದ ಜೊತೆ ಹಿಡಿದು ಅಳೆಯಬೇಕು. ಮಣ್ಣು ಹತ್ತಿದ್ದರೆ ಒಣ ಬಟ್ಟೆಯಲ್ಲಿ ಒರೆಸಬೇಕು. ಆಮೇಲೆ ಹೊಸದಾಗಿ ಪ್ಯಾಕ್ ಮಾಡಿ, ಸೀಲ್ ಹಾಕಿ, ಕಾಗದ ಬರೆಯಬೇಕು. ಸೀಲ್ ಇದ್ದ ಟಿನ್ನಿಗೆ ನಿಮಿಷಗಳು ಸಾಕು, ಬಿಚ್ಚಿದ ಟಿನ್ನು ಒಬ್ಬನ ಅರ್ಧ ದಿನ ನುಂಗುತ್ತದೆ. ನಿಮ್ಮ ಮುಂದಿನ ಇಂಡೆಂಟ್ ಯಾಕೆ ತಡವಾಯಿತು ಅಂತ ಕೇಳಿದಿರಲ್ಲ, ಅದನ್ನು ಕಟ್ಟಿ ಕಳಿಸಬೇಕಾದವನು ನಿಮ್ಮದೇ ಹಳೆಯ ಗುಂಡು ಒರೆಸುತ್ತ ಕೂತಿರುತ್ತಾನೆ.

ಒಂದು ಲೆಕ್ಕ ಹಾಕಿ ತೋರಿಸುತ್ತೇನೆ. ಅಮೆರಿಕದ ಸೇನೆಯ 5.56 ಮಿಲಿಮೀಟರ್ ರೈಫಲ್ ಗುಂಡು ಒಂದು ಟಿನ್ನಿನಲ್ಲಿ 840 ಬರುತ್ತದೆ. 120 ಗುಂಡಿನ ಬಟ್ಟೆಪಟ್ಟಿಗಳು ಏಳು. ಅಂಥ ಎರಡು ಟಿನ್ ಸೇರಿದರೆ 1,680ರ ಒಂದು ಮರದ ಪೆಟ್ಟಿಗೆ. ಅವರ ರೈಫಲ್ ಅರ್ಹತಾ ಪರೀಕ್ಷೆಗೆ ಒಬ್ಬೊಬ್ಬರಿಗೆ 40 ಗುಂಡು. ನೂರು ಜನ ಎಂದರೆ 4,000. ಪೆಟ್ಟಿಗೆ ಲೆಕ್ಕದಲ್ಲಿ ಕೇಳಿದರೆ ಮೂರು ಪೆಟ್ಟಿಗೆ, 5,040 ಗುಂಡು, ಉಳಿಕೆ 1,040. ಟಿನ್ ಲೆಕ್ಕದಲ್ಲಿ ಕೇಳಿದರೆ ಐದು ಟಿನ್, 4,200 ಗುಂಡು, ಉಳಿಕೆ 200. ಇನ್ನು ಮೂರು ಪೆಟ್ಟಿಗೆಯನ್ನೂ ಬೆಳಿಗ್ಗೆಯೇ ಒಟ್ಟಿಗೆ ಬಿಚ್ಚಿ ಸಾಲಾಗಿ ಹರಡಿಕೊಂಡಿರಿ ಅನ್ನಿ (ಎಲ್ಲರೂ ಮಾಡುವುದು ಅದನ್ನೇ, ಯಾಕೆಂದರೆ ಬೆಳಿಗ್ಗೆ ಕೆಲಸಕ್ಕೆ ಕೈಗಳು ಸಿಗುತ್ತವೆ), ಆಗ ಆ 1,040 ಗುಂಡೂ ತಪಾಸಣೆ ಮೇಜಿಗೆ ಬಂದವು. ಒಂದು ಮುಗಿದ ಮೇಲೆ ಇನ್ನೊಂದು ಟಿನ್ ಬಿಚ್ಚಿದ್ದರೆ ಹೆಚ್ಚಿನದೆಲ್ಲ ಸೀಲ್ ಸಮೇತ ವಾಪಸ್ ಬರುತ್ತಿತ್ತು. ಇದಕ್ಕೆ ಕಂಪ್ಯೂಟರ್ ಬೇಕಿಲ್ಲ, ಹೊಸ ಕಾನೂನು ಬೇಕಿಲ್ಲ. ಟಿನ್ ಹತ್ತಿರ ನಿಲ್ಲುವ ಹವಾಲ್ದಾರನಿಗೆ ‘ನಾನು ಹೇಳುವ ತನಕ ಎರಡನೆಯದನ್ನು ಮುಟ್ಟಬೇಡ’ ಅಂದರೆ ಮುಗಿಯಿತು.

ಹಾಗಾದರೆ ನೀವು ಮಾಡಬೇಕಾದ್ದು ಏನು? ನಿಜವಾದ ಸಂಖ್ಯೆ ಬರೆಯಿರಿ, ಪಕ್ಕದಲ್ಲೇ ಲೆಕ್ಕವನ್ನೂ ಬರೆಯಿರಿ. ಇಷ್ಟು ಜನ, ಇಂಥ ಅಭ್ಯಾಸ, ತಲೆಗೆ ಇಷ್ಟು, ಗುರಿ ತಪ್ಪಿದವರಿಗೆ ಎರಡನೆಯ ಅವಕಾಶಕ್ಕೆ ಇಷ್ಟು. ಲೆಕ್ಕ ಕಾಣುವ ಇಂಡೆಂಟಿಗೆ ಕತ್ತರಿ ಹಾಕಲು ಡಿಪೋದವನಿಗೆ ಕೈ ಬರುವುದಿಲ್ಲ; ನನಗಂತೂ ಬರುತ್ತಿರಲಿಲ್ಲ. ಇನ್ನೊಂದು, ಇದನ್ನು ಸ್ವಲ್ಪ ಗಟ್ಟಿಯಾಗಿಯೇ ಹೇಳುತ್ತೇನೆ: ಫೈರಿಂಗ್ ರದ್ದಾದರೆ ಅವತ್ತೇ ತಿಳಿಸಿ. ರೇಂಜ್ (ಗುಂಡು ಹಾರಿಸುವ ಮೈದಾನ) ಸಿಗಲಿಲ್ಲ, ಮಳೆ ಬಂತು, ಹುಡುಗರನ್ನು ಬೇರೆ ಕೆಲಸಕ್ಕೆ ಕರೆದರು, ಏನೇ ಇರಲಿ. ತುಂಬಿದ ಟ್ರಕ್, ಜೊತೆಗೆ ಬೆಂಗಾವಲು, ಗೇಟಿನ ತನಕ ಬಂದ ಮೇಲೆ ‘ಇವತ್ತು ಫೈರಿಂಗ್ ಇಲ್ಲ’ ಅನ್ನುವ ತುಕಡಿಗಳನ್ನು ಕಂಡಿದ್ದೇನೆ. ಅದೇ ವಾರ ಪಕ್ಕದ ರೇಂಜಿನಲ್ಲಿ ಇನ್ನೊಬ್ಬರು ಗುಂಡಿಲ್ಲದೆ ಕೈಕಟ್ಟಿ ಕೂತಿದ್ದರು.

ಅಮೆರಿಕದವರು ಇದಕ್ಕೆ ಎರಡು ವ್ಯವಸ್ಥೆ ಮಾಡಿಕೊಂಡಿದ್ದಾರೆ. ಯಾವ ಆಯುಧಕ್ಕೆ, ಯಾವ ಹಂತದ ತರಬೇತಿಗೆ ವರ್ಷಕ್ಕೆ ಎಷ್ಟು ಗುಂಡು ಎಂಬ ಮಾನದಂಡವನ್ನು ಮೊದಲೇ ಪ್ರಕಟಿಸಿಬಿಡುತ್ತಾರೆ. ‘ಸ್ಟ್ರ್ಯಾಕ್’ ಎಂದು ಕರೆಯುತ್ತಾರೆ. ಮತ್ತೆ ತುಕಡಿಗಳ ವಾರ್ಷಿಕ ಹಕ್ಕು, ಮುನ್ನಂದಾಜು, ಇಂಡೆಂಟ್ ಎಲ್ಲವೂ ‘ಟ್ಯಾಮಿಸ್’ ಎಂಬ ಒಂದೇ ಗಣಕ ವ್ಯವಸ್ಥೆಯಲ್ಲಿ ಕಾಣುತ್ತವೆ. ಯಾರು ಎಷ್ಟು ಅಂದಾಜು ಬರೆದರು, ಎಷ್ಟು ಎತ್ತಿಕೊಂಡರು ಎಂಬುದು ಪರದೆಯ ಮೇಲೆ ಬಂದರೆ ಊದಿಸುವವನಿಗೆ ಕೊಂಚ ನಾಚಿಕೆಯಾದರೂ ಆಗುತ್ತದೆ.

ಪ್ರಶ್ನೆ: ನನ್ನ ಮಗ ಈಚೆಗೆ ಸೇನೆ ಸೇರಿದ್ದಾನೆ. ಫೈರಿಂಗ್ ದಿನ ಸಂಜೆ ಉಳಿದ ಗುಂಡನ್ನೆಲ್ಲ ಗುರಿಯೂ ನೋಡದೆ ಹಾರಿಸಿ ಮುಗಿಸಿದೆವು ಎಂದು ಫೋನಿನಲ್ಲಿ ಹೇಳಿ ನಗುತ್ತಿದ್ದ. ಹೀಗೂ ಮಾಡುತ್ತಾರೆಯೇ?

ಉತ್ತರ: ಮಾಡುತ್ತಾರೆ. ಯಾವ ದೇಶದ ಸೇನೆಯಲ್ಲಿದ್ದವರನ್ನು ಕೇಳಿದರೂ ಇಂಥದ್ದೊಂದು ಕಥೆ ಹೇಳುತ್ತಾರೆ. ನಿಮ್ಮ ಮಗನ ಮೇಲೆ ಸಿಟ್ಟಾಗಬೇಡಿ, ಅವನು ಆಜ್ಞೆ ಪಾಲಿಸಿದ. ಆಜ್ಞೆ ಕೊಟ್ಟವನ ಕಷ್ಟ ನೋಡಿ: ಗುಂಡು ವಾಪಸ್ ಮಾಡಿದರೆ ಡಿಪೋದಲ್ಲಿ ಸಾಲಿನಲ್ಲಿ ನಿಲ್ಲಬೇಕು, ಪ್ಯಾಕಿಂಗ್ ಸರಿಯಿಲ್ಲ ಎಂದು ಬೈಸಿಕೊಳ್ಳಬೇಕು, ಒಂದು ತೋಟಾ ಕಡಿಮೆಯಾದರೆ ವಿಚಾರಣೆ. ಇದೆಲ್ಲ ದಾಟಿದ ಮೇಲೂ ‘ಇವರಿಗೆ ಕೊಟ್ಟದ್ದೇ ಖರ್ಚಾಗಿಲ್ಲ’ ಎಂದು ಮುಂದಿನ ವರ್ಷದ ಪಾಲು ಇಳಿಸುತ್ತಾರೆ. ಹಾರಿಸಿಬಿಟ್ಟರೆ ಸಂಜೆ ಬೇಗ ಮನೆ, ಕಡತವೂ ಚೊಕ್ಕ.

ಗುಂಡು ಪೋಲಾಗುವುದು ಮಾತ್ರವಲ್ಲ ಇಲ್ಲಿನ ನಷ್ಟ. ಅದು ‘ಖರ್ಚಾಯಿತು’ ಎಂದು ದಾಖಲಾಗುತ್ತದೆ, ಆ ದಾಖಲೆಯ ಮೇಲೆ ಮುಂದಿನ ವರ್ಷದ ಖರೀದಿ ನಿಲ್ಲುತ್ತದೆ. ಸುಳ್ಳು ಅಂಕಿಯೊಂದು ಕಾರ್ಖಾನೆಯ ತನಕ ಹೋಗಿ ನಿಜವಾಗಿಬಿಡುತ್ತದೆ. ಜೊತೆಗೆ ಕೋವಿ ವಿಪರೀತ ಕಾಯುತ್ತದೆ, ದಣಿದ ಹುಡುಗರು ಆತುರದಲ್ಲಿರುತ್ತಾರೆ, ಅಪಘಾತಕ್ಕೆ ಇದಕ್ಕಿಂತ ಒಳ್ಳೆಯ ಹೊತ್ತು ಬೇರೆ ಇಲ್ಲ. ಬುದ್ಧಿ ಹೇಳುವುದರಿಂದ ಇದು ನಿಲ್ಲುವುದಿಲ್ಲ. ವಾಪಸ್ ಕೊಡುವುದನ್ನು ಹಾರಿಸುವುದಕ್ಕಿಂತ ಸುಲಭ ಮಾಡಬೇಕು. ಫೈರಿಂಗ್ ದಿನಗಳಂದು ಡಿಪೋದ ಸ್ವೀಕಾರ ಕೌಂಟರ್ ಸಂಜೆಯ ತನಕ ತೆರೆದಿರಲಿ. ವಾಪಸ್ ಕೊಟ್ಟ ಗುಂಡು ಆ ತುಕಡಿಯ ಖಾತೆಗೇ ಜಮೆಯಾಗಿ, ಅದೇ ವರ್ಷ ಮತ್ತೆ ಎತ್ತಿಕೊಳ್ಳುವಂತಿರಲಿ. ಆಗ ಯಾರೂ ಮಣ್ಣಿನ ದಿಬ್ಬಕ್ಕೆ ಸುಮ್ಮನೆ ಗುಂಡು ಹೊಡೆಯುವುದಿಲ್ಲ.

ಪ್ರಶ್ನೆ: ನಮ್ಮ ಯಜಮಾನರು ಫೈರಿಂಗ್ ಇದ್ದ ದಿನ ಕತ್ತಲಾದ ಮೇಲೆಯೇ ಮನೆಗೆ ಬರುವುದು. ಕೇಳಿದರೆ ಖಾಲಿ ಖೋಖಾ ಹುಡುಕುತ್ತಿದ್ದೆವು ಅನ್ನುತ್ತಾರೆ. ಹಾರಿಸಿ ಆದ ಗುಂಡಿನ ಸಿಪ್ಪೆಗೆ ಇಷ್ಟು ಬೆಲೆಯೇ, ಅಥವಾ ಇದು ನನಗೆ ಹೇಳುವ ನೆಪವೇ?

ಉತ್ತರ: ಈ ವಿಷಯದಲ್ಲಿ ನಾನು ನಿಮ್ಮ ಯಜಮಾನರ ಪರ ಸಾಕ್ಷಿ ಹೇಳುತ್ತೇನೆ. ಖೋಖಾ ಹಿತ್ತಾಳೆಯದು, ಗುಜರಿಗೆ ಹಾಕಿದರೂ ಹಣ ಬರುತ್ತದೆ. ಆದರೆ ಹುಡುಕುವುದು ಅದಕ್ಕಲ್ಲ. ಎಷ್ಟು ಗುಂಡು ಕೊಟ್ಟೆವು, ಎಷ್ಟು ಸಿಡಿಯಿತು ಎಂಬುದಕ್ಕೆ ಇರುವ ಕಣ್ಣೆದುರಿನ ಪುರಾವೆ ಆ ಖೋಖಾ ಒಂದೇ. ಅದು ಇಲ್ಲದಿದ್ದರೆ ಜೀವಂತ ಗುಂಡೊಂದು ಯಾರದೋ ಜೇಬಿನಲ್ಲಿ ಹೊರಗೆ ಹೋದರೂ ತಿಳಿಯುವುದಿಲ್ಲ.

ಎರಡನೆಯ ಕಾರಣ ಇನ್ನೂ ಗಂಭೀರ. ಖಾಲಿ ಎಂದು ಬಂದ ರಾಶಿಯಲ್ಲಿ ಜೀವಂತ ಗುಂಡು ಸೇರಿಕೊಂಡಿರುತ್ತದೆ. ಸಿಕ್ಕಿಹಾಕಿಕೊಂಡದ್ದನ್ನು ಕೈಯಿಂದ ಎಳೆದು ಹಾಕಿದ್ದು, ಪ್ರೈಮರ್ ಮೇಲೆ ಪೆಟ್ಟು ಬಿದ್ದರೂ ಸಿಡಿಯದ್ದು, ಕೆಲವೊಮ್ಮೆ ಬಿಚ್ಚಿದವನ ಕೈಜಾರಿ ಬಿದ್ದ ಹೊಚ್ಚಹೊಸದ್ದು. ಸದ್ದಿಗೆಂದೇ ಇರುವ ಬ್ಲ್ಯಾಂಕ್ ಗುಂಡು ಇನ್ನೂ ಮೋಸದ್ದು; ಅದಕ್ಕೆ ಮೊದಲೇ ಬುಲೆಟ್ ಇಲ್ಲ, ಹಾರಿಸಿದ್ದೋ ಹಾರಿಸದ್ದೋ ಎಂದು ಬಾಯಿಯ ಮಡಿಕೆ ಬಿಚ್ಚಿಕೊಂಡಿದೆಯಾ ನೋಡಿಯೇ ಹೇಳಬೇಕು. ಈ ರಾಶಿ ಹಾಗೆಯೇ ಕುಲುಮೆಗೆ ಹೋದರೆ ಅಲ್ಲಿ ಕೆಲಸ ಮಾಡುವವನ ಮುಖಕ್ಕೆ ಸಿಡಿಯುತ್ತದೆ. ಅದಕ್ಕೇ ‘ಇದರಲ್ಲಿ ಸ್ಫೋಟಕ ಇಲ್ಲ’ ಎಂದು ಒಬ್ಬರು ನೋಡಿ ಸಹಿ ಹಾಕಬೇಕು, ಸಹಿ ಹಾಕುವವರು ನಿಜವಾಗಿ ನೋಡಬೇಕು.

ಆದರೂ ಕತ್ತಲಾಗುವ ತನಕ ಅಂದಿರಲ್ಲ, ಅದು ತಪ್ಪಿಸಬಹುದಾದ ಕಷ್ಟ. ಹುಲ್ಲಿನಲ್ಲಿ ಸಂಜೆ ಹುಡುಕುವ ಬದಲು ಬೆಳಿಗ್ಗೆಯೇ ಕೋವಿಯ ಬಲಬದಿಗೆ ಟಾರ್ಪಾಲ್ ಹಾಸಬೇಕು. ಪ್ರತಿ ಸರದಿ ಎದ್ದಾಗ ಆ ಸರದಿಯದ್ದನ್ನೇ ಎಣಿಸಿ ಡಬ್ಬಕ್ಕೆ ಹಾಕಿದರೆ ಸಂಜೆಗೆ ಕೂಡಿಸುವುದಷ್ಟೇ ಉಳಿಯುತ್ತದೆ. ದೊಡ್ಡ ಮೊತ್ತಕ್ಕೆ ಎಣಿಕೆಯ ಬದಲು ತೂಕ ನೋಡಿ ಲೆಕ್ಕ ಹಾಕುವ ಪದ್ಧತಿಯೂ ಉಂಟು. ಒಂದೇ ಬಗೆಯ ಖೋಖಾ ಬೇರೆ ಇಟ್ಟಿದ್ದರೆ ಮಾತ್ರ ಅದು ನಡೆಯುತ್ತದೆ. ಇದನ್ನು ಯಜಮಾನರಿಗೆ ಓದಿ ಹೇಳಿ.

ಪ್ರಶ್ನೆ: ನಾನು ಸಾಫ್ಟ್‌ವೇರ್ ಕೆಲಸದವನು. ಆನ್‌ಲೈನಿನಲ್ಲಿ ಕೇಳಿದ ವಸ್ತು ಮರುದಿನ ಬಾಗಿಲಿಗೆ ಬರುವ ಕಾಲದಲ್ಲಿ ಸೇನೆಯವರು ತಿಂಗಳುಗಟ್ಟಲೆ ಯಾಕೆ ಕಾಯಬೇಕು? ಪ್ರತಿ ಪೆಟ್ಟಿಗೆಗೆ ರೇಡಿಯೋ ಟ್ಯಾಗ್ ಹಾಕಿ, ದಾಸ್ತಾನು ಇಳಿಸಿ, ಬೇಕಾದಾಗ ಬೇಕಾದಷ್ಟೇ ತರಿಸಿಕೊಳ್ಳಬಾರದೇ?

ಉತ್ತರ: ನಿಮ್ಮ ಮಾತಿನಲ್ಲಿ ಅರ್ಧ ನನಗೆ ಒಪ್ಪಿಗೆ. ಮೊದಲು ಒಪ್ಪದ ಅರ್ಧ.

ಬೇರೆ ಸರಕಿನ ಗೋದಾಮು ತುಂಬುವುದು ಜಾಗ ಮುಗಿದಾಗ. ಮದ್ದುಗುಂಡಿನ ಗೋದಾಮು ಅರ್ಧ ಖಾಲಿ ಕಂಡರೂ ತುಂಬಿರುತ್ತದೆ. ಒಳಗೆ ಇಡಬಹುದಾದ ಸ್ಫೋಟಕದ ನಿವ್ವಳ ತೂಕಕ್ಕೆ ಮಿತಿ ಇದೆ, ಆ ಮಿತಿ ಪಕ್ಕದ ಕಟ್ಟಡ, ರಸ್ತೆ, ವಸತಿ ಎಷ್ಟು ದೂರ ಎಂಬುದರ ಮೇಲೆ ನಿಲ್ಲುತ್ತದೆ. ವಿಶ್ವಸಂಸ್ಥೆಯ ವರ್ಗೀಕರಣದಲ್ಲಿ ಸ್ಫೋಟಕಗಳೆಲ್ಲ ಒಂದನೆಯ ವರ್ಗ. ಅದರೊಳಗೆ 1.1 ಎಂದರೆ ರಾಶಿಗೆ ರಾಶಿಯೇ ಒಮ್ಮೆಲೇ ಸಿಡಿಯುವಂಥದ್ದು, 1.2 ಚೂರುಗಳನ್ನು ಎಸೆಯುವಂಥದ್ದು, 1.3 ಮುಖ್ಯವಾಗಿ ಬೆಂಕಿಯದ್ದು, 1.4 ಅಪಾಯ ಕಡಿಮೆಯದ್ದು. ಸಾಮಾನ್ಯ ರೈಫಲ್ ಗುಂಡು 1.4ಎಸ್, ಅಂದರೆ ಸಿಡಿದರೂ ಪರಿಣಾಮ ಬಹುಮಟ್ಟಿಗೆ ಪೆಟ್ಟಿಗೆಯೊಳಗೇ ಉಳಿಯುವಂಥದ್ದು. ಹಲವು ಸೇನೆಗಳ ಉಗ್ರಾಣದ ಗೋಡೆಯ ಮೇಲೆ ಕಿತ್ತಳೆ ಬಣ್ಣದ ಫಲಕ ಇರುತ್ತದೆ. ಎಂಟು ಮೂಲೆಯದ್ದಾದರೆ ಒಂದು, ಅಡ್ಡ ಶಿಲುಬೆಯದ್ದಾದರೆ ಎರಡು, ತಲೆಕೆಳಗಾದ ತ್ರಿಕೋನ ಮೂರು, ವಜ್ರಾಕಾರ ನಾಲ್ಕು. ಹೊಗೆಯಲ್ಲಿ ಅಂಕಿ ಓದಲಾಗದಿದ್ದರೂ ಅಗ್ನಿಶಾಮಕದವನು ಆಕಾರ ನೋಡಿ ಹತ್ತಿರ ಹೋಗಬೇಕೋ ಓಡಬೇಕೋ ತೀರ್ಮಾನಿಸುತ್ತಾನೆ. ಇದರ ಮೇಲೆ ಯಾವುದರ ಜೊತೆ ಯಾವುದನ್ನು ಇಡಬಾರದು ಎಂಬ ಗುಂಪುಗಳು ಬೇರೆ. ಡಿಟೊನೇಟರ್ ಮತ್ತು ಅದು ಸಿಡಿಸಬೇಕಾದ ಸ್ಫೋಟಕ ಒಂದೇ ಅಟ್ಟಿಯಲ್ಲಿ ಇರಕೂಡದು. ಟ್ರಕ್ಕಿಗೂ ಇಂಥವೇ ನಿಯಮ. ಹಾಗಾಗಿ ‘ಹೇಗೂ ಟ್ರಕ್ ಹೋಗುತ್ತಿದೆ, ಇದನ್ನೂ ಹಾಕಿ’ ಎಂಬ ಮಾತು ಇಲ್ಲಿ ನಡೆಯುವುದಿಲ್ಲ.

ರೇಡಿಯೋ ಟ್ಯಾಗಿನ ವಿಷಯ. ಕೆಲವು ರಾಕೆಟ್, ಕೆಲವು ಡಿಟೊನೇಟರ್ ವಿದ್ಯುತ್ತಿನಿಂದ ಕೆಲಸ ಮಾಡುತ್ತವೆ; ರೇಡಿಯೋ ಅಲೆಗಳು ಅವುಗಳ ತಂತಿಯಲ್ಲಿ ವಿದ್ಯುತ್ ಹುಟ್ಟಿಸಬಲ್ಲವು. 1967ರ ಜುಲೈ 29ರಂದು ಅಮೆರಿಕದ ವಿಮಾನವಾಹಕ ನೌಕೆ ಫಾರೆಸ್ಟಲ್‌ನ ಮೇಲೆ ವಿದ್ಯುತ್ ಏರಿಳಿತದಿಂದ ಒಂದು ರಾಕೆಟ್ ತಾನಾಗಿ ಹಾರಿ, ಹೊತ್ತಿದ ಬೆಂಕಿಯಲ್ಲಿ 134 ಜನ ಸತ್ತರು. ಅಂಥ ಸರಕಿನ ಹತ್ತಿರ ಯಾವ ರೇಡಿಯೋ ಉಪಕರಣ, ಎಷ್ಟು ಶಕ್ತಿಯದ್ದು, ಎಷ್ಟು ದೂರದಲ್ಲಿ ಎಂದು ಪರೀಕ್ಷಿಸದೆ ಬಿಡುವುದಿಲ್ಲ. ಬಿಡಲೂಬಾರದು.

ಈಗ ಒಪ್ಪುವ ಅರ್ಧ. ಬಾರ್‌ಕೋಡಿಗೆ ಈ ತೊಂದರೆ ಇಲ್ಲ. ಲಾಟ್ ನಂಬರನ್ನು ಕೈಯಲ್ಲಿ ನಕಲು ಮಾಡುವಾಗ ಶೂನ್ಯ ಇಂಗ್ಲಿಷಿನ ಓ ಆಗುತ್ತದೆ, ಒಂದು ಐ ಆಗುತ್ತದೆ. ಅದನ್ನು ಬಿಡಿಸುವುದರಲ್ಲೇ ಎಷ್ಟೋ ಮಧ್ಯಾಹ್ನಗಳು ಹೋಗುತ್ತವೆ. ಓದುವ ಯಂತ್ರ ಕೊಟ್ಟರೆ ಗುಮಾಸ್ತರು ನಿಮಗೆ ಕೈಮುಗಿದಾರು. ಎರಡನೆಯದು, ಎಲ್ಲ ಮದ್ದುಗುಂಡನ್ನೂ ಒಂದೇ ಕಷ್ಟದ ದಾರಿಯಲ್ಲಿ ಸಾಗಿಸಬೇಕಿಲ್ಲ. ಖರ್ಚಾಗುವುದರಲ್ಲಿ ಸಂಖ್ಯೆಯ ಲೆಕ್ಕಕ್ಕೆ ಬಹುಪಾಲು ರೈಫಲ್ ಗುಂಡು ಮತ್ತು ಬ್ಲ್ಯಾಂಕ್. ಇವು 1.4ಎಸ್ ಆದ್ದರಿಂದ ಭದ್ರವಾದ ಬೀಗ ಮತ್ತು ಕಾವಲು ಇದ್ದರೆ ತರಬೇತಿ ಕೇಂದ್ರದ ಹತ್ತಿರವೇ ಸಣ್ಣ ದಾಸ್ತಾನು ಇಡಬಹುದು. ಆಗ ದೊಡ್ಡ ಡಿಪೋದ ಜನ, ವಾಹನ, ಬೆಂಗಾವಲು 1.1, 1.2ರ ಶೆಲ್ ಮತ್ತು ಬಾಂಬುಗಳಿಗೆ ಉಳಿಯುತ್ತದೆ. ಮೂರನೆಯದು, ಹತ್ತಿರದ ನಾಲ್ಕಾರು ತುಕಡಿಗಳಿಗೆ ವಾರಕ್ಕೊಂದು ನಿಗದಿತ ದಿನ ಒಂದೇ ವಾಹನ ಸುತ್ತು ಹಾಕಿ ಕೊಡಬೇಕು, ಹಿಂದಿರುಗುವಾಗ ಅದೇ ವಾಹನ ಉಳಿಕೆ, ಖೋಖಾ, ಖಾಲಿ ಪೆಟ್ಟಿಗೆ ತರಬೇಕು. ಹಾಲಿನ ವ್ಯಾನು ತುಂಬಿದ ಕ್ಯಾನು ಇಳಿಸಿ ಖಾಲಿ ಕ್ಯಾನು ಎತ್ತಿಕೊಂಡು ಹೋಗುವ ಹಾಗೆ. ಈಗ ಪ್ರತಿ ತುಕಡಿಯೂ ತನ್ನದೇ ಟ್ರಕ್ ಕಳಿಸಿ, ಕಾಲು ಭಾಗ ತುಂಬಿಸಿಕೊಂಡು ಹೋಗುವುದನ್ನು ನೋಡಿದರೆ ಹೊಟ್ಟೆ ಉರಿಯುತ್ತದೆ.

ಪ್ರಶ್ನೆ: ಮಾರ್ಟರ್ (ನಳಿಗೆಯಿಂದ ಬಾಂಬನ್ನು ಎತ್ತರಕ್ಕೆ ಹಾರಿಸುವ ಆಯುಧ) ಅಭ್ಯಾಸಕ್ಕೆ ಒಂದೇ ಲಾಟಿನ ಬಾಂಬು ಕೊಡಿ ಎಂದು ಕೇಳಿದರೆ ಡಿಪೋದವರು ಮೂರು ಲಾಟ್ ಕಲಸಿ ಕೊಡುತ್ತಾರೆ. ಎಲ್ಲವೂ 81 ಮಿಲಿಮೀಟರಿನವೇ ತಾನೇ ಎನ್ನುತ್ತಾರೆ. ನಾವು ಹಟ ಮಾಡುವುದು ತಪ್ಪೇ?

ಉತ್ತರ: ಹಟ ಮಾಡಿ. ಪ್ರತಿ ಲಾಟಿನ ಪ್ರೊಪೆಲೆಂಟ್ (ಬಾಂಬನ್ನು ಹೊರಕ್ಕೆ ತಳ್ಳುವ) ಮದ್ದು ಸ್ವಲ್ಪ ಸ್ವಲ್ಪ ಬೇರೆ, ಹಾಗಾಗಿ ನಳಿಗೆಯ ಬಾಯಿಯಿಂದ ಹೊರಡುವ ವೇಗವೂ ಬೇರೆ, ಬೀಳುವ ದೂರವೂ ಬೇರೆ. ಲಾಟ್ ಬದಲಾದಾಗಲೆಲ್ಲ ಗುರಿ ಹೊಂದಿಸಲು ಒಂದೆರಡು ಬಾಂಬು ಹೋಗುತ್ತವೆ. ಮೂರು ಲಾಟ್ ಕಲಸಿದರೆ ಅರ್ಧ ಬಾಂಬು ಹೊಂದಾಣಿಕೆಗೇ ಮುಗಿದು, ಹುಡುಗರು ಕಲಿಯುವುದು ಏನೂ ಇರುವುದಿಲ್ಲ. ಡಿಪೋದವರಿಗೂ ಒಂದು ಕಷ್ಟ ಉಂಟು: ವಾಪಸಾದ ಚಿಲ್ಲರೆ ಲಾಟುಗಳು ಅಟ್ಟಿಯ ಮೂಲೆಯಲ್ಲಿ ಜಾಗ ತಿನ್ನುತ್ತಿರುತ್ತವೆ, ಯಾರಿಗಾದರೂ ದಾಟಿಸಬೇಕು. ಅವನ್ನು ದಾಟಿಸಬೇಕಾದ್ದು ಲಾಟ್ ಮುಖ್ಯವಲ್ಲದ ಕಡೆಗೆ. ಟ್ಯೂಬಿಗೆ ಬಾಂಬು ಇಳಿಸುವ ಮೊದಲ ಪಾಠಕ್ಕೆ ಯಾವ ಲಾಟ್ ಆದರೇನು?

ನಿಮಗೂ ಒಂದು ಮಾತು. ಪೆಟ್ಟಿಗೆ, ಬಾಂಬು ಇಟ್ಟು ಬರುವ ಟ್ಯೂಬು, ಒಳಗಿನ ಆಧಾರದ ತುಂಡುಗಳು, ಲಾಟ್ ನಂಬರಿನ ಚೀಟಿ ಇವನ್ನು ಕೊನೆಯ ಬಾಂಬು ಹಾರುವ ತನಕ ಎಸೆಯಬೇಡಿ. ಚಳಿ ಕಾಯಿಸಲು ಪೆಟ್ಟಿಗೆಯ ಮರ ಸುಟ್ಟು, ಉಳಿದ ಬಾಂಬನ್ನು ಕಂಬಳಿಯಲ್ಲಿ ಸುತ್ತಿ ತಂದವರನ್ನು ಕಂಡಿದ್ದೇನೆ. ಲಾಟ್ ಯಾವುದೆಂದು ಪತ್ತೆ ಹಚ್ಚಲಾಗದ ಮದ್ದುಗುಂಡು ಎಷ್ಟೇ ಹೊಳೆಯುತ್ತಿದ್ದರೂ ಉಪಯೋಗವಿಲ್ಲ. ನಾಳೆ ಆ ಲಾಟಿನಲ್ಲಿ ದೋಷ ಸಿಕ್ಕಿ ‘ತಡೆಹಿಡಿಯಿರಿ’ ಎಂಬ ಸಂದೇಶ ಬಂದರೆ ಇದು ಅದೇನಾ ಅಲ್ಲವಾ ಎಂದು ಹೇಳುವವರಿಲ್ಲ. ಕೊನೆಗೆ ಅದನ್ನು ನಾಶ ಮಾಡಬೇಕಾಗುತ್ತದೆ.

ಪ್ರಶ್ನೆ: ಹಳೆಯ ಮದ್ದುಗುಂಡನ್ನು ತರಬೇತಿಯ ಹುಡುಗರಿಗೆ ಕೊಡುತ್ತಾರೆ ಎಂದು ಕೇಳಿದೆ. ಅವರ ಜೀವಕ್ಕೆ ಬೆಲೆ ಇಲ್ಲವೇ?

ಉತ್ತರ: ಹಳೆಯದು ಬೇರೆ, ಕೆಟ್ಟದ್ದು ಬೇರೆ. ಯುದ್ಧಕ್ಕೆಂದು ಇಟ್ಟ ದಾಸ್ತಾನನ್ನು ಮುಟ್ಟದೆ ಬಿಟ್ಟರೆ ಅದು ಮುದಿಯಾಗುತ್ತ ಹೋಗುತ್ತದೆ. ಆಯುಷ್ಯ ಮುಗಿಯುವ ಮೊದಲೇ, ತಪಾಸಣೆಯಲ್ಲಿ ಪಾಸಾದದ್ದನ್ನು ತರಬೇತಿಗೆ ಕೊಟ್ಟು, ಹೊಸದನ್ನು ಯುದ್ಧದ ಅಟ್ಟಿಗೆ ಹಾಕುವುದು ಸರಿಯಾದ ಕ್ರಮವೇ. ಇಡೀ ಸರಪಳಿಯಲ್ಲಿ ಇಷ್ಟು ಹಣ ಉಳಿಸುವ ಕೆಲಸ ಇನ್ನೊಂದಿಲ್ಲ. ಇಲ್ಲವಾದರೆ ಹಳೆಯದನ್ನು ನಾಶ ಮಾಡಲೂ ದುಡ್ಡು, ತರಬೇತಿಗೆ ಹೊಸದು ಕೊಳ್ಳಲೂ ದುಡ್ಡು.

ಅಪಾಯ ಇರುವುದು ಲೆಕ್ಕವಿಲ್ಲದೆ ಬಿಸಿಲಲ್ಲಿ ಬಿಟ್ಟದ್ದರಲ್ಲಿ. ಪ್ರೊಪೆಲೆಂಟ್ ಮದ್ದಿನ ಮೂಲವಸ್ತು ನೈಟ್ರೋಸೆಲ್ಯುಲೋಸ್ ಸುಮ್ಮನಿದ್ದರೂ ನಿಧಾನವಾಗಿ ಒಡೆಯುತ್ತಿರುತ್ತದೆ. ಅದರಿಂದ ಹುಟ್ಟುವ ಅನಿಲಗಳನ್ನು ಹೀರಿಕೊಳ್ಳಲು ಡೈಫಿನೈಲಮೀನ್‌ನಂಥ ಸ್ಥಿರಕಾರಿ ಸೇರಿಸಿರುತ್ತಾರೆ. ಅದು ಮುಗಿದ ಮೇಲೆ ಮದ್ದು ತನ್ನ ಬಿಸಿಗೆ ತಾನೇ ಹೊತ್ತಿಕೊಳ್ಳಬಲ್ಲದು, ಶಾಖ ಹೆಚ್ಚಿದಷ್ಟೂ ಬೇಗ. ಫ್ರಾನ್ಸಿನ ಯುದ್ಧನೌಕೆಗಳಾದ ಇಯೆನಾ 1907ರಲ್ಲಿ, ಲಿಬರ್ತೆ 1911ರಲ್ಲಿ ತೂಲೋನ್ ಬಂದರಿನಲ್ಲಿ ನಿಂತಲ್ಲೇ ಸಿಡಿದದ್ದು ಇಂಥ ಕೆಟ್ಟ ಮದ್ದಿನಿಂದಲೇ. ನಮ್ಮ ಕಾಲದ್ದೇ ಬೇಕೆಂದರೆ ಸೈಪ್ರಸ್: 2009ರಲ್ಲಿ ಒಂದು ಹಡಗಿನಿಂದ ವಶಪಡಿಸಿಕೊಂಡ 98 ಕಂಟೇನರ್ ಸ್ಫೋಟಕವನ್ನು ನೌಕಾನೆಲೆಯ ಬಯಲಿನಲ್ಲಿ ಬಿಸಿಲಿಗೆ ಬಿಟ್ಟಿದ್ದರು. 2011ರ ಜುಲೈ 11ರಂದು ಸಿಡಿದು 13 ಜನ ಸತ್ತರು, ಪಕ್ಕದಲ್ಲಿದ್ದ ದ್ವೀಪದ ಅತಿದೊಡ್ಡ ವಿದ್ಯುತ್ ಸ್ಥಾವರಕ್ಕೆ ಭಾರಿ ಹಾನಿಯಾಯಿತು. ಅದೇ ವರ್ಷ ವಿಶ್ವಸಂಸ್ಥೆ ಮದ್ದುಗುಂಡು ನಿರ್ವಹಣೆಯ ಅಂತರರಾಷ್ಟ್ರೀಯ ಮಾರ್ಗಸೂಚಿಗಳನ್ನು ಹೊರತಂದಿತು. ಫೈರಿಂಗ್ ಸಾಲಿನ ಪಕ್ಕದಲ್ಲಿ ಪೆಟ್ಟಿಗೆಗಳನ್ನು ನೆರಳಿಲ್ಲದೆ ಇಡುವವರು ಇದನ್ನು ಎರಡು ಸಲ ಓದಲಿ.

ಪ್ರಶ್ನೆ: ಎಲ್ಲೋ ನಡೆಯುವ ಯುದ್ಧದಿಂದ ಇನ್ನೊಂದು ದೇಶದ ತರಬೇತಿಗೆ ಗುಂಡು ಕಡಿಮೆಯಾಗುತ್ತದೆಯೇ?

ಉತ್ತರ: ಆಗಬಹುದು. ಯುದ್ಧದ ಶೆಲ್‌ಗೂ ತರಬೇತಿಯ ಶೆಲ್‌ಗೂ ಕಾರ್ಖಾನೆ, ಮದ್ದು, ಉಕ್ಕಿನ ಕವಚ ಬಹುಮಟ್ಟಿಗೆ ಒಂದೇ. ಉಕ್ರೇನ್ ಯುದ್ಧ ಶುರುವಾದಾಗ ಅಮೆರಿಕದಲ್ಲಿ 155 ಮಿಲಿಮೀಟರ್ ಶೆಲ್ ತಯಾರಾಗುತ್ತಿದ್ದದ್ದು ತಿಂಗಳಿಗೆ ಸುಮಾರು 14,000. ಅದನ್ನು 1,00,000ಕ್ಕೆ ಏರಿಸುವ ಗುರಿ ಇಟ್ಟುಕೊಂಡರು. ಯುರೋಪಿನ ಒಕ್ಕೂಟ 2023ರ ಮಾರ್ಚ್‌ನಲ್ಲಿ ಹನ್ನೆರಡು ತಿಂಗಳಲ್ಲಿ ಹತ್ತು ಲಕ್ಷ ಶೆಲ್ ಕೊಡುತ್ತೇವೆ ಎಂದಿತು, ಹೇಳಿದ ಹೊತ್ತಿಗೆ ಆಗಲಿಲ್ಲ. ಅಂಥ ಎಳೆದಾಟದಲ್ಲಿ ಮೊದಲು ಕತ್ತರಿ ಬೀಳುವುದು ಅಭ್ಯಾಸದ ಪಾಲಿಗೆ, ಯಾಕೆಂದರೆ ಅದರ ನಷ್ಟ ತಕ್ಷಣ ಕಾಣುವುದಿಲ್ಲ.

ಪ್ರಶ್ನೆ: ಸಿಮ್ಯುಲೇಟರ್ ಬಂದ ಮೇಲೆ ನಿಜವಾದ ಗುಂಡು ಬೇಕೇ?

ಉತ್ತರ: ಬೇಕು, ಆದರೆ ಕಡಿಮೆ. ಉಸಿರು ಹಿಡಿಯುವುದು, ಟ್ರಿಗರ್ ಒತ್ತುವುದು, ಕೋವಿ ಸಿಕ್ಕಿಕೊಂಡಾಗ ಕೈ ಹೇಗೆ ಓಡಬೇಕು ಎಂಬುದನ್ನೆಲ್ಲ ಪರದೆಯ ಮುಂದೆ ಕಲಿಯಬಹುದು. ಭುಜದ ಮೇಲಿಟ್ಟು ಹಾರಿಸುವ 84 ಮಿಲಿಮೀಟರಿನ ಕಾರ್ಲ್ ಗುಸ್ತಾಫ್‌ಗೆ ಒಳಗೆ 7.62 ಮಿಲಿಮೀಟರಿನ ಸಣ್ಣ ನಳಿಗೆ ಕೂರಿಸಿ ಅಗ್ಗದ ಗುಂಡಿನಿಂದ ಗುರಿ ಕಲಿಸುವ ಸಾಧನ ಇದೆ. ನನಗೆ ಸಿಮ್ಯುಲೇಟರಿಗಿಂತ ಅದೇ ಹೆಚ್ಚು ಇಷ್ಟ. ಆದರೆ ನಿಜವಾದದ್ದನ್ನು ಒಮ್ಮೆಯೂ ಹಾರಿಸದವನಿಗೆ ಅದರ ಹಿಂದಿನ ಬೆಂಕಿ, ಸದ್ದು, ಎದೆಗೆ ಬೀಳುವ ಗುದ್ದು ಗೊತ್ತಿರುವುದಿಲ್ಲ. ಸಿಮ್ಯುಲೇಟರ್‌ನಲ್ಲಿ ಪಾಸಾದವನಿಗಷ್ಟೇ ರೇಂಜಿನ ಸರದಿ ಎಂದು ನಿಯಮ ಮಾಡಿದರೆ ರೇಂಜಿನಲ್ಲಿ ಹೋಗುವ ಪ್ರತಿ ಗುಂಡಿಗೂ ಅರ್ಥ ಬರುತ್ತದೆ.

ಪ್ರಶ್ನೆ: ಫೈರಿಂಗ್ ರೇಂಜಿನ ಅಂಚಿನ ಹೊಲದಲ್ಲಿ ನೀಲಿ ಬಣ್ಣದ ಬಾಂಬಿನಂಥ ವಸ್ತು ಸಿಕ್ಕಿದೆ. ನೀಲಿ ಎಂದರೆ ಅಭ್ಯಾಸದ್ದು, ಅಪಾಯವಿಲ್ಲ ಎಂದು ಪರಿಚಯದವರು ಹೇಳಿದರು. ಮನೆಗೆ ತರಬಹುದೇ?

ಉತ್ತರ: ಬೇಡ. ಮುಟ್ಟಲೂಬೇಡಿ. ಅನೇಕ ಸೇನೆಗಳಲ್ಲಿ ನೀಲಿ ಎಂದರೆ ಅಭ್ಯಾಸದ್ದು ಎಂಬುದು ನಿಜ, ಆದರೆ ಅಪಾಯವಿಲ್ಲ ಎಂಬುದು ಸುಳ್ಳು. ಬಿದ್ದ ಜಾಗ ದೂರದಿಂದ ಕಾಣಲಿ ಎಂದು ಅಭ್ಯಾಸದ ಬಾಂಬಿನೊಳಗೂ ಹೊಗೆ ಅಥವಾ ಮಿಂಚಿನ ಸಣ್ಣ ಚಾರ್ಜ್ ಇರುತ್ತದೆ, ಅದನ್ನು ಹೊತ್ತಿಸುವ ಫ್ಯೂಜ್ ಇರುತ್ತದೆ. ಬಿದ್ದಾಗ ಸಿಡಿಯದಿದ್ದರೆ ನಿಮ್ಮ ಕೈಯಲ್ಲಿ ಸಿಡಿಯಬಹುದು. ಬೆರಳು ಹೋಗಲು ಅಷ್ಟು ಸಾಕು. ಬಣ್ಣ ಮಾಸಿ ಬೇರೆಯದು ನೀಲಿಯ ಹಾಗೆ ಕಂಡಿರಲೂಬಹುದು. ಬಂದ ಹೆಜ್ಜೆಯಲ್ಲೇ ಹಿಂದಕ್ಕೆ ಬನ್ನಿ, ದೂರದಲ್ಲಿ ಒಂದು ಗುರುತು ಇಡಿ, ಮಕ್ಕಳನ್ನೂ ದನಗಳನ್ನೂ ಅತ್ತ ಬಿಡಬೇಡಿ, ಪೊಲೀಸರಿಗೆ ತಿಳಿಸಿ. ಅವರು ಸೇನೆಯವರಿಗೆ ಹೇಳಿ ಇದ್ದಲ್ಲಿಯೇ ಸಿಡಿಸುವ ವ್ಯವಸ್ಥೆ ಮಾಡುತ್ತಾರೆ. ಯಾವ ದಿನ ಸಿಕ್ಕಿತು, ಎಲ್ಲಿ ಎಂಬುದನ್ನು ಬರೆದು ಕೊಡಿ. ಆ ದಿನಗಳಲ್ಲಿ ಅಲ್ಲಿ ಅಭ್ಯಾಸ ಮಾಡಿದ ತುಕಡಿಯ ಕಾಗದದಲ್ಲಿ ಸಿಡಿಯದೆ ಉಳಿದದ್ದು ‘ಸೊನ್ನೆ’ ಎಂದಿದ್ದರೆ ಅವರು ಉತ್ತರ ಕೊಡಬೇಕಾಗುತ್ತದೆ.